ಎತ್ತು ಯಾರ ಕೈಗೆ, ಗೊಂಬೆ ಯಾರ ಕೈಗೆ

ಬೀದರ ನಗರದ ಪೂರ್ವಕ್ಕೆ ಸುಮಾರು 3 ಕಿ.ಮೀ. ದೂರದಲ್ಲಿರುವ ಅಷ್ಟೂರ ಗ್ರಾಮವು ಇತಿಹಾಸದ ಪುಸ್ತಕಗಳಲ್ಲಿ ಬಹಮನಿ ಸುಲ್ತಾನರ ಗೋರಿಗಳಿಂದ ಹೆಸರಾಗಿದ್ದರೂ ಸುತ್ತಲಿನ ಊರುಗಳ ಜನರ ಪಾಲಿಗೆ ಅದು ಮೊದಲು ಜಾತ್ರೆಯ ಊರು. ಕಲಬುರಗಿಯಿಂದ ಬೀದರಕ್ಕೆ ರಾಜಧಾನಿಯನ್ನು ತಂದು 1436ರಲ್ಲಿ ತೀರಿಕೊಂಡ ಅಹಮದ್ ಶಾಹನನ್ನು ಮುಸಲ್ಮಾನರು ವಲಿಯೆಂದೂ ಲಿಂಗಾಯತರು ಅಲ್ಲಮಪ್ರಭುವೆಂದೂ ನಂಬಿ ನಡೆದುಕೊಳ್ಳುತ್ತಾರೆ. ಅವನ ಉರುಸು ಹಿಜರಿ ಪಂಚಾಂಗವನ್ನು ಬಿಟ್ಟು ಹಿಂದೂ ಪಂಚಾಂಗದ ಎಣಿಕೆಯಂತೆ ಹೋಳಿಯ ನಂತರ ನಡೆಯುತ್ತದೆ, ಮತ್ತು ಕಲಬುರಗಿ ಜಿಲ್ಲೆಯ ಮಾಡಿಯಾಳದ ಜಂಗಮರು ಅದಕ್ಕೆ ಬಂದು ಸೇರುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಜಾತ್ರೆಯೆಂದ ಮೇಲೆ ಆಟಿಕೆಯ ಅಂಗಡಿ ಇದ್ದೇ ಇರುತ್ತದೆ. ಈ ಸೀಮೆಯ ಯಾವ ಜಾತ್ರೆಯಲ್ಲಿಯೂ ಅಂಥ ಅಂಗಡಿಯೊಂದರ ಮುಂದೆ ತುಸು ಹೊತ್ತು ನಿಂತವರಿಗೆ ಕಾಣುವುದೇನೆಂದರೆ, ಪೀಪಿ, ಫುಗ್ಗಾ, ಗಿರಗಿಟ್ಲೆಗಳು ಎಲ್ಲ ಮಕ್ಕಳ ಕೈಗೂ ಹೋಗುತ್ತವೆ. ಆದರೆ ಮಣ್ಣೆತ್ತುವ ಜೆಸಿಬಿ, ಟ್ರ್ಯಾಕ್ಟರ್, ಪಿಸ್ತೂಲುಗಳು ಒಂದು ಕಡೆಗೂ, ಗುಲಾಬಿ ಬಣ್ಣದ ಅಡುಗೆ ಸಾಮಾನು, ಕೂದಲು ಬಾಚಲು ಬರುವ ಗೊಂಬೆ, ಬಳೆ, ಟಿಕ್ಕಿಗಳು ಇನ್ನೊಂದು ಕಡೆಗೂ ಹೋಗುತ್ತವೆ. ಒಂದೇ ಗೋರಿಯ ಮುಂದೆ ಎರಡು ಮತದವರು ತಲೆಬಾಗುವ ನೆಲದಲ್ಲಿ ಮಕ್ಕಳ ಆಟಿಕೆಯಲ್ಲಿ ಈ ಪಾಲುಪಟ್ಟಿ ಯಾವಾಗ, ಹೇಗೆ ಬಿತ್ತು ಎಂಬುದು ಇತಿಹಾಸಕಾರರು ಕೈಹಾಕಬೇಕಾದ ಪ್ರಶ್ನೆಯೇ ಆಗಿದೆ.

ಈ ಪ್ರಶ್ನೆಯಲ್ಲಿ ಎರಡು ಸಂಗತಿಗಳು ಸಾಮಾನ್ಯವಾಗಿ ಒಂದರೊಳಗೊಂದು ಬೆರೆತುಹೋಗುತ್ತವೆ. ಮಗುವು ತಾನಾಗಿ ಯಾವ ವಸ್ತುವಿನ ಕಡೆಗೆ ಕೈಚಾಚುತ್ತದೆ ಎಂಬುದು ಒಂದು. ಹಿರಿಯರು ಯಾವ ಮಗುವಿನ ಕೈಗೆ ಯಾವ ವಸ್ತುವನ್ನು ಕೊಡುತ್ತಾರೆ ಎಂಬುದು ಮತ್ತೊಂದು. ಮೊದಲನೆಯದನ್ನು ಮನೋವಿಜ್ಞಾನಿಗಳು ಕಳೆದ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಪ್ರಯೋಗಗಳ ಮೂಲಕ ಅಳೆಯುತ್ತಿದ್ದಾರೆ. ಎರಡನೆಯದಕ್ಕೆ ಉತ್ತರ ಸಿಗುವುದು ಹಬ್ಬಗಳಲ್ಲಿ, ಕಸುಬುಗಳಲ್ಲಿ, ಹಳೆಯ ಗ್ರಂಥಗಳಲ್ಲಿ, ಮನೆಯ ಹೆಂಗಸರ ನೆನಪಿನಲ್ಲಿ. ಈ ಸಾಮಗ್ರಿಯನ್ನು ಹುಡುಕುವವರಿಗೆ ಮೊದಲೇ ಎದುರಾಗುವ ತೊಡಕೆಂದರೆ, ಬಡವರ ಮಕ್ಕಳ ಆಟಿಕೆಗಳು ಮಣ್ಣಿನವು ಇಲ್ಲವೆ ಚಿಂದಿಬಟ್ಟೆಯವು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅವು ಕರಗುತ್ತವೆ, ಹರಿಯುತ್ತವೆ. ಸುಲ್ತಾನರ ಗೋರಿಗಳು ಆರು ನೂರು ವರ್ಷ ನಿಂತವು. ಅವುಗಳ ನೆರಳಿನಲ್ಲಿ ಆಡಿದ ಮಕ್ಕಳ ಕೈಯಲ್ಲಿದ್ದುದು ಒಂದೂ ಉಳಿದಿಲ್ಲ.

ಬೀದರ ನಗರವು ಜಂಬಿಟ್ಟಿಗೆ ಕಲ್ಲಿನ ಎತ್ತರದ ದಿಣ್ಣೆಯ ಮೇಲಿದೆ. ದಿಣ್ಣೆಯಿಂದ ಕೆಳಗಿಳಿದು ಭಾಲ್ಕಿ, ಔರಾದಗಳ ಕಡೆಗೆ ಸಾಗಿದಂತೆ ಕಪ್ಪು ಎರೆಭೂಮಿ ಹಬ್ಬಿಕೊಳ್ಳುತ್ತದೆ. ಎರೆಮಣ್ಣು ಒಕ್ಕಲಿಗನಿಗೆ ಜೋಳ, ತೊಗರಿ, ಕಡಲೆಯನ್ನು ಕೊಡುವಂತೆ ಮಕ್ಕಳಿಗೆ ಆಟಿಕೆಯನ್ನೂ ಕೊಟ್ಟಿತು, ಏಕೆಂದರೆ ನಾದಿದರೆ ಬೆಣ್ಣೆಯಂತಾಗಿ ಹೇಳಿದಂತೆ ಕೇಳುವ ಮಣ್ಣು ಅದು. ಉತ್ತರ ಕರ್ನಾಟಕದ ಉದ್ದಗಲಕ್ಕೂ ಮುಂಗಾರು ಹಿಡಿದ ಮೇಲೆ ಮಣ್ಣಿನ ಪೂಜೆಗಳು ಸಾಲುಗಟ್ಟಿ ಬರುತ್ತವೆ: ಜ್ಯೇಷ್ಠದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ, ಅವನ ಬೆನ್ನಿಗೆ ಜೋಕುಮಾರ. ಇವುಗಳಲ್ಲಿ ಮೊದಲ ಎರಡು ಮಕ್ಕಳ ಕೈಗೆ ತೀರ ಹತ್ತಿರದವು; ಗಂಡುಮಗುವಿನ ಆಟಿಕೆ ಯಾವುದು, ಹೆಣ್ಣುಮಗುವಿನದು ಯಾವುದು ಎಂಬ ವಿಂಗಡಣೆಯ ಅತಿ ಹಳೆಯ ಕನ್ನಡ ರೂಪವನ್ನು ಅವುಗಳಲ್ಲಿಯೇ ಹುಡುಕಬೇಕು.

ಮಣ್ಣೆತ್ತನ್ನು ಮಾಡುವ ಕ್ರಮವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಕೆರೆಯಂಗಳದಿಂದಲೋ ಹೊಲದಿಂದಲೋ ತಂದ ಮಣ್ಣಿನೊಳಗಿನ ಕಲ್ಲು ಕಸವನ್ನು ಆರಿಸಿ, ನೀರು ಚಿಮುಕಿಸಿ, ಒಣಗಿದಾಗ ಸೀಳದಿರಲೆಂದು ತುಸು ಹತ್ತಿಯನ್ನೋ ಬೂದಿಯನ್ನೋ ಸೇರಿಸಿ, ಅಂಗೈಗೆ ಅಂಟದಷ್ಟು ಹದಕ್ಕೆ ಬರುವವರೆಗೆ ನಾದಲಾಗುತ್ತದೆ. ಒಂದು ಉದ್ದನೆಯ ಉಂಡೆ ಮೈಯಾಗುತ್ತದೆ. ಕೆಳಗೆ ನಾಲ್ಕು ಕಾಲು ಎಳೆದು, ಮೇಲೆ ಹಿಣಿಲನ್ನು ಚಿವುಟಿ ಎತ್ತಿ, ಕೋಡುಗಳನ್ನು ತಿರುವಿ, ಕಣ್ಣಿನ ಜಾಗದಲ್ಲಿ ಜೋಳದ ಕಾಳನ್ನೋ ಗುಲಗಂಜಿಯನ್ನೋ ಒತ್ತಲಾಗುತ್ತದೆ. ಬಿಸಿಲಿಗಿಟ್ಟರೆ ಬಿರುಕು ಬಿಡುವುದರಿಂದ ನೆರಳಿನಲ್ಲಿ ಆರಿಸಬೇಕು. ಎತ್ತು ಒಂಟಿಯಾಗಿರುವುದಿಲ್ಲ, ಜೋಡಿಯಾಗಿಯೇ ಇರುತ್ತದೆ, ಏಕೆಂದರೆ ಒಂಟೆತ್ತಿನಿಂದ ಬೇಸಾಯವಿಲ್ಲ; ಅವುಗಳ ಮುಂದೆ ಅದೇ ಮಣ್ಣಿನ ಗೋದಲಿಯನ್ನು, ಅಂದರೆ ಮೇವು ಹಾಕುವ ತೊಟ್ಟಿಯನ್ನು ಇಡಲಾಗುತ್ತದೆ. ಕುಂಬಾರರು ಮಾಡಿ ಮನೆಮನೆಗೆ ಕೊಟ್ಟು ಕಾಳು ಪಡೆಯುವುದು ಒಂದು ರೂಢಿಯಾದರೆ, ಮನೆಯ ಹುಡುಗರು ತಾವೇ ತಿದ್ದುವುದು ಇನ್ನೊಂದು ರೂಢಿ. ಪೂಜೆ ಮುಗಿದ ಮೇಲೆ ಎತ್ತು ದೇವರ ಮನೆಯಿಂದ ಅಂಗಳಕ್ಕಿಳಿಯುತ್ತದೆ, ಆಟಕ್ಕೆ ಸಿಗುತ್ತದೆ, ಆಟದಲ್ಲಿ ಅದರ ಕಾಲು ಮುರಿಯುತ್ತದೆ. ಮುರಿದ ಕಾಲಿನ ಎತ್ತಿಗೆ ಕುಂಟೆತ್ತು ಎಂಬ ಹೆಸರು ಬಂದು, ಹುಡುಗರ ಗುಂಪು ಅದನ್ನು ಹಿಡಿದು ಮನೆಯಿಂದ ಮನೆಗೆ ಹೋಗಿ, ಎತ್ತು ಕುಂಟಾಯಿತೆಂದು ಹಾಡಿ ಹೇಳಿ ಜೋಳ ಬೇಡುವ ಪದ್ಧತಿಯೊಂದು ಬೆಳೆದಿತ್ತು. ಬಿತ್ತನೆಯ ಹೊತ್ತಿಗೆ ಎತ್ತು ಕುಂಟಾದರೆ ಮನೆತನವೇ ಕುಂಟುತ್ತದೆಂಬ ಒಕ್ಕಲಿಗನ ದೊಡ್ಡ ಅಂಜಿಕೆಯನ್ನು ಮಕ್ಕಳು ಇಷ್ಟು ಹಗುರಾಗಿ ಎತ್ತಿಕೊಂಡು ಊರಾಡುತ್ತಿದ್ದುದು ಮನಸ್ಸಿಗೆ ತಟ್ಟುವ ಸಂಗತಿ.

ಅದೇ ಮಣ್ಣು ಕೆಲವೇ ದಿನಗಳ ನಂತರ ಹೆಣ್ಣುಮಕ್ಕಳ ಕೈಗೆ ಬಂದಾಗ ಗುಳ್ಳವ್ವನಾಗುತ್ತದೆ. ಆಷಾಢದ ಮಂಗಳವಾರಗಳಂದು ಹುಡುಗಿಯರು ಗುಂಪಾಗಿ ಹೋಗಿ ಮಣ್ಣು ತಂದು, ಕುಳಿತ ಹೆಣ್ಣಿನ ರೂಪವನ್ನು ತಿದ್ದಿ, ಗುಲಗಂಜಿ, ಜೋಳ, ಕುಸುಬಿ ಕಾಳುಗಳಿಂದ ಅವಳಿಗೆ ಕಣ್ಣು, ಒಡವೆ, ಸೀರೆಯ ಅಂಚುಗಳನ್ನು ಕೂಡಿಸಿ, ಹಾಡು ಹೇಳಿ, ಬುತ್ತಿ ಕಟ್ಟಿಕೊಂಡು ಹೊಲ ತೋಟಗಳಿಗೆ ಹೋಗಿ ಕೂಡಿ ಉಂಡು ಬರುತ್ತಾರೆ. ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರದ ಸೀಮೆಗಳಲ್ಲಿ ಈ ಆಚರಣೆ ದಟ್ಟವಾಗಿದೆ. ಬೀದರದ ನೆಲಕ್ಕೆ ಬಂದರೆ, ಮರಾಠಿ ಮತ್ತು ತೆಲುಗು ನಾಡುಗಳ ಗಡಿಯಾದ ಕಾರಣ, ಹೆಣ್ಣುಮಕ್ಕಳ ಹಾಡಿನ ಆಟಕ್ಕೆ ಬೇರೆ ಬಣ್ಣ ಕೂಡಿಕೊಳ್ಳುತ್ತದೆ; ಇಲ್ಲಿನ ಜಾನಪದದಲ್ಲಿ ಹೆಸರಾದ ಬುಲಾಯಿ ಪದಗಳಿಗೂ, ವಿದರ್ಭದಲ್ಲಿ ಹುಡುಗಿಯರು ಮಣ್ಣಿನ ಭುಲಾಬಾಯಿಯನ್ನು ಕೂಡಿಸಿ ಹಾಡುವ ಶರತ್ಕಾಲದ ಹಬ್ಬಕ್ಕೂ ಇರುವ ಹೆಸರಿನ ನಂಟು ಕಣ್ಣಿಗೆ ಹೊಡೆದು ಕಾಣುತ್ತದೆ. ಗಂಡುಮಕ್ಕಳ ಮಣ್ಣೆತ್ತಿಗೂ ಇಂಥ ನೆರೆಯ ನಂಟುಂಟು: ಮಹಾರಾಷ್ಟ್ರದಲ್ಲಿ ಶ್ರಾವಣ ಅಮಾವಾಸ್ಯೆಯ ಪೋಳಾ ಹಬ್ಬದ ಮರುದಿನ ನಾಗಪುರದ ಕಡೆ ಮಕ್ಕಳು ಗಾಲಿಯುಳ್ಳ ಮರದ ಎತ್ತುಗಳನ್ನು ಎಳೆದು ತರುವ ತಾನ್ಹಾ ಪೋಳಾ, ಅಂದರೆ ಕಿರಿಯರ ಪೋಳಾ, ನಡೆಯುತ್ತದೆ.

ಎತ್ತು ದುಡಿಮೆಯ ಒಡನಾಡಿ, ಗುಳ್ಳವ್ವ ಮನೆತನದ ದೇವತೆ; ಹುಡುಗನಿಗೆ ಹೊಲ, ಹುಡುಗಿಗೆ ಮನೆ ಎಂದು ಇಷ್ಟಕ್ಕೇ ನಿರ್ಣಯಿಸಿಬಿಡುವುದು ಸುಲಭ. ಆದರೆ ಆಚರಣೆಯ ಒಳಹೊಕ್ಕು ನೋಡಿದರೆ ಈ ಎರಡೂ ಬಗೆಗಳು ಮಕ್ಕಳ ಕೈಯಲ್ಲಿ ಒಂದೇ ಬಗೆಯ ಜಾಣ್ಮೆಯನ್ನು ಬೇಡುತ್ತವೆ. ಮಣ್ಣಿನ ಹದ, ಆಕಾರದ ಲಕ್ಷ್ಯ, ಕಾಳಿನ ಅಲಂಕಾರಗಳಲ್ಲಿ ಹುಡುಗನಿಗೂ ಹುಡುಗಿಗೂ ಭೇದವಿಲ್ಲ. ಭೇದವಿರುವುದು ಮಾಡಿದ ನಂತರದ ನಡೆಯಲ್ಲಿ. ಹುಡುಗರು ಎತ್ತನ್ನು ಹಿಡಿದು ಕೇರಿಕೇರಿಗೆ ಅಲೆಯುತ್ತಾರೆ, ಹುಡುಗಿಯರು ಗುಳ್ಳವ್ವನ ಸುತ್ತ ಕೂಡುತ್ತಾರೆ. ಅಲ್ಲಿಯೂ ಒಂದು ಮಾತನ್ನು ಮರೆಯಬಾರದು: ಆಷಾಢದ ಆ ಮಂಗಳವಾರಗಳು ಹುಡುಗಿಯರಿಗೆ ಮನೆಯ ಹೊಸ್ತಿಲು ದಾಟಿ ಗೆಳತಿಯರೊಡನೆ ಬಯಲಿಗೆ ಹೋಗಲು ಸಿಗುತ್ತಿದ್ದ ಅಪರೂಪದ ದಿನಗಳಾಗಿದ್ದವು. ಆದ್ದರಿಂದ ಗುಳ್ಳವ್ವನನ್ನು ಹುಡುಗಿಯನ್ನು ಮನೆಗೆ ಕಟ್ಟಿಹಾಕುವ ಆಟಿಕೆಯೆಂದು ಓದಿದರೆ ತಪ್ಪಾದೀತು. ಅವಳ ಹೆಸರಿನಲ್ಲಿ ಹುಡುಗಿ ಹೊರಗೆ ಬರುತ್ತಿದ್ದಳು.

ಇವನ್ನು ಆಟಿಕೆಯೆನ್ನಬೇಕೋ ದೇವರೆನ್ನಬೇಕೋ ಎಂಬ ಸಂದೇಹ ಬಹಳ ಹಳೆಯದು. ರಾಯಚೂರು ಜಿಲ್ಲೆಯ ಪಿಕ್ಲಿಹಾಳದಲ್ಲಿ ರೇಮಂಡ್ ಆಲ್ಚಿನ್ ನಡೆಸಿದ ಉತ್ಖನನದಲ್ಲಿ ಹಿಣಿಲಿರುವ ಎತ್ತಿನ ಮಣ್ಣಿನ ಬೊಂಬೆಗಳು ದೊರೆತಿವೆ; ನಾಲ್ಕು ಸಾವಿರ ವರ್ಷಗಳಷ್ಟು ಹಿಂದಿನ, ದನಗಾಹಿಗಳ ಬೂದಿಗುಡ್ಡಗಳ ಕಾಲದ ನೆಲೆಗಳಲ್ಲಿ ಇಂಥ ಬೊಂಬೆಗಳು ಬೇರೆಡೆಯೂ ಕಂಡುಬಂದಿವೆ. ಅವುಗಳನ್ನು ಮಕ್ಕಳು ಆಡಿದರೋ ಹಿರಿಯರು ಹರಕೆಯಾಗಿ ಇಟ್ಟರೋ ಎಂಬ ಚರ್ಚೆಯಲ್ಲಿ ಪುರಾತತ್ತ್ವಜ್ಞರು ಎರಡರಲ್ಲೊಂದನ್ನು ಆರಿಸಬೇಕೆಂದು ತೊಳಲಾಡುವುದುಂಟು. ಬೆಳಿಗ್ಗೆ ಪೂಜೆಗೊಂಡು ಮರುದಿನ ಆಟಕ್ಕೆ ಇಳಿಯುವ ಮಣ್ಣೆತ್ತನ್ನು ಕಂಡವರಿಗೆ ಆ ಆಯ್ಕೆಯೇ ಅನಗತ್ಯವೆಂದು ತೋರುತ್ತದೆ.

ಬರೆದಿಟ್ಟ ಸಾಹಿತ್ಯದ ಕಡೆಗೆ ತಿರುಗಿದರೆ, ಮಕ್ಕಳ ಆಟದ ಬಗ್ಗೆ ಅದು ಹೇಳುವುದು ಕಡಮೆ, ಹೇಳುವಲ್ಲಿಯೂ ಉಳ್ಳವರ ಮಕ್ಕಳ ಮಾತೇ ಹೆಚ್ಚು. ಕಾಮಸೂತ್ರದಲ್ಲಿ ಬಾಲಕಿಯ ಒಲವು ಗಳಿಸುವ ಬಗೆಯನ್ನು ವಿವರಿಸುತ್ತ ವಾತ್ಸ್ಯಾಯನನು ಹೂ ಬಿಡಿಸಿ ಕಟ್ಟುವುದು, ಆಟದ ಮನೆ ಕಟ್ಟುವುದು, ಅನ್ನ ಅಡುವ ಆಟ, ಮತ್ತು ದುಹಿತೃಕಾ ಕ್ರೀಡೆಗಳನ್ನು ಹೇಳುತ್ತಾನೆ. ದುಹಿತೃ ಎಂದರೆ ಮಗಳು. ದುಹಿತೃಕಾ ಎಂದರೆ ಪುಟ್ಟ ಮಗಳು, ಅಂದರೆ ಗೊಂಬೆ. ಗೊಂಬೆಯನ್ನು ಮಗಳೆಂದು ಕರೆದ ಆ ಶಬ್ದದಲ್ಲಿಯೇ ಹೆಣ್ಣುಮಗುವಿನ ಆಟದಲ್ಲಿ ತಾಯ್ತನ ಹೆಣೆದುಕೊಂಡಿರುವುದು ಕಾಣುತ್ತದೆ. ಶೂದ್ರಕನ ಮೃಚ್ಛಕಟಿಕ ನಾಟಕಕ್ಕೆ ಹೆಸರು ಬಂದದ್ದೇ ಒಂದು ಗಂಡುಮಗುವಿನ ಆಟಿಕೆಯಿಂದ; ಮೃತ್ ಎಂದರೆ ಮಣ್ಣು, ಶಕಟಿಕೆ ಎಂದರೆ ಚಿಕ್ಕ ಬಂಡಿ, ಮತ್ತು ಬಡವನಾದ ಚಾರುದತ್ತನ ಮಗ ರೋಹಸೇನನು ನೆರೆಮನೆಯ ಹುಡುಗನ ಬಳಿಯಿದ್ದ ಚಿನ್ನದ ಬಂಡಿ ಬೇಕೆಂದು ಅಳುವ ದೃಶ್ಯ ಅದರಲ್ಲಿದೆ. ಗೊಂಬೆ ಹುಡುಗಿಗೆ, ಗಾಲಿ ಹುಡುಗನಿಗೆ ಎಂಬ ವಿಂಗಡಣೆ ಇಷ್ಟು ಹಿಂದಿನಿಂದಲೂ ಸ್ಪಷ್ಟವಾಗಿತ್ತೆಂದು ಇದರಿಂದ ತೋರಬಹುದು.

ಆದರೆ ಚೆಂಡು ಈ ಚಿತ್ರವನ್ನು ಕದಡುತ್ತದೆ. ಇಂದು ಯಾವ ಊರಿನ ಬಯಲಿನಲ್ಲಿಯೂ ಚೆಂಡು ಹುಡುಗರದು. ಹುಡುಗಿ ಅದನ್ನು ಹಿಡಿದರೆ ತಿರುಗಿ ನೋಡುವವರಿದ್ದಾರೆ. ಸಂಸ್ಕೃತ ಕಾವ್ಯಗಳಲ್ಲಿ ಕಂದುಕ ಕ್ರೀಡೆ, ಅಂದರೆ ಚೆಂಡಾಟ, ಮೊದಲು ಕನ್ಯೆಯರ ಆಟ. ಕಾಳಿದಾಸನ ಕುಮಾರಸಂಭವದಲ್ಲಿ ಬಾಲೆ ಪಾರ್ವತಿಯು ಮಂದಾಕಿನಿಯ ದಡದ ಮರಳಿನಲ್ಲಿ ಜಗಲಿ ಕಟ್ಟುತ್ತ, ಗೊಂಬೆಗಳೊಡನೆಯೂ ಚೆಂಡಿನೊಡನೆಯೂ ಗೆಳತಿಯರ ನಡುವೆ ಆಡುತ್ತಾಳೆ. ದಂಡಿಯ ದಶಕುಮಾರಚರಿತದಲ್ಲಿ ಕಂದುಕಾವತಿ ಎಂಬ ರಾಜಕುಮಾರಿ ಜನರೆದುರು ಚೆಂಡಾಡುವುದೇ ಒಂದು ಉತ್ಸವ. ಬಾಲಕೃಷ್ಣನೂ ಚೆಂಡಾಡುತ್ತಾನೆಂಬ ಕಥೆ ಕನ್ನಡದ ಮನೆಮನೆಗೆ ಗೊತ್ತಿದೆ, ಆದ್ದರಿಂದ ಚೆಂಡು ಹೆಣ್ಣಿಗಷ್ಟೇ ಮೀಸಲಾಗಿತ್ತೆಂದು ಹೇಳಲಾಗದು. ಆದರೆ ಗಂಡಿಗೆ ಮೀಸಲಾಗಿರಲಿಲ್ಲ ಎಂಬುದಂತೂ ಖಚಿತ. ಒಂದೇ ವಸ್ತು, ಅದೇ ದುಂಡು, ಅದೇ ಪುಟಿತ. ಕಾಲ ಬದಲಾದಂತೆ ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು.

ಬೀದರ ಜಿಲ್ಲೆಯದೇ ಆದ ಸಾಕ್ಷ್ಯವೊಂದು ಇಲ್ಲಿ ನೆನೆಯತಕ್ಕದ್ದು. ಈಗಿನ ಬಸವಕಲ್ಯಾಣವಾದ ಕಲ್ಯಾಣದಲ್ಲಿ 1126ರಿಂದ 1138ರವರೆಗೆ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ನೂರು ಅಧ್ಯಾಯಗಳ ವಿಶ್ವಕೋಶ. ಅದರ ಕೊನೆಯ ಇಪ್ಪತ್ತು ಅಧ್ಯಾಯಗಳ ಭಾಗಕ್ಕೆ ಕ್ರೀಡಾವಿಂಶತಿ ಎಂದು ಹೆಸರು. ಉಯ್ಯಾಲೆಯಾಡುವುದು, ಮರಳಿನಲ್ಲಿ ಆಡುವುದು, ಬೆಳದಿಂಗಳಲ್ಲಿ ಆಡುವುದು, ಒಗಟು, ಚದುರಂಗ, ಪಗಡೆ, ಕವಡೆ ಮುಂತಾದವೆಲ್ಲ ಅಲ್ಲಿವೆ. ಇವುಗಳಲ್ಲಿ ಹಲವನ್ನು ಈಗಿನವರು ಮಕ್ಕಳಾಟ, ಅದರಲ್ಲೂ ಹೆಣ್ಣುಮಕ್ಕಳಾಟ ಎಂದು ಬದಿಗಿಡುವುದುಂಟು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅವು ರಾಜನಿಗೆ ತಕ್ಕ ವಿನೋದಗಳಾಗಿದ್ದವು. ಆಟವೊಂದು ಅರಮನೆಯಿಂದ ಅಂಗಳಕ್ಕೆ, ದೊಡ್ಡವರಿಂದ ಚಿಕ್ಕವರಿಗೆ, ಗಂಡಿನಿಂದ ಹೆಣ್ಣಿಗೆ ಜಾರುತ್ತ ಬರುವುದು ಇತಿಹಾಸದಲ್ಲಿ ಮತ್ತೆ ಮತ್ತೆ ಕಾಣುವ ನಡೆ.

ಮನೆಯೊಳಗಿನ ಆಟಿಕೆಗಳಲ್ಲಿ ಚಿಂದಿಬಟ್ಟೆಯ ಗೊಂಬೆಗೆ ವಿಶೇಷ ಸ್ಥಾನವಿದೆ. ಉರ್ದು, ಕನ್ನಡ, ಮರಾಠಿಗಳು ಒಂದೇ ಓಣಿಯಲ್ಲಿ ಕೇಳಿಬರುವ ಬೀದರದಲ್ಲಿ ಇದಕ್ಕೆ ಗುಡಿಯಾ ಎಂದರೂ ಆಗುತ್ತದೆ, ಗೊಂಬಿ ಎಂದರೂ ಆಗುತ್ತದೆ. ಹಳೆಯ ಸೀರೆಯ ತುಂಡನ್ನು ಸುರುಳಿ ಸುತ್ತಿ ಮೈ ಮಾಡಿ, ತಲೆಯ ಭಾಗವನ್ನು ದಾರದಿಂದ ಬಿಗಿದು, ಕಾಡಿಗೆಯಿಂದ ಕಣ್ಣು ಬರೆದು, ಕಪ್ಪು ದಾರದ ಜಡೆ ಹೆಣೆದರೆ ಗುಡಿಯಾ ಸಿದ್ಧ. ಅವಳಿಗೆ ಜೋಡಿಯಾಗಿ ಗುಡ್ಡಾ ಎಂಬ ಗಂಡುಗೊಂಬೆಯೂ ಆದರೆ, ಇಬ್ಬರ ಮದುವೆ ಮಾಡಿ ಬೀಗರನ್ನು ಕರೆದು ಊಟಕ್ಕಿಡುವುದು ಆಟದ ತುದಿ. ಈ ಆಟದಲ್ಲಿ ಹೊಲಿಗೆ, ಅಡುಗೆ, ಉಪಚಾರ, ಹಾಡು, ಚೌಕಾಸಿ ಎಲ್ಲವೂ ಕಲಿಯಲು ಸಿಗುತ್ತಿದ್ದವು. ಹೆಣ್ಣುಮಕ್ಕಳಿಗೆ ಶಾಲೆಯಿಲ್ಲದ ಕಾಲದಲ್ಲಿ ಅದೊಂದು ಶಾಲೆಯೇ ಆಗಿತ್ತೆಂದು ಹೊಗಳುವವರಿದ್ದಾರೆ, ಮತ್ತು ಆ ಹೊಗಳಿಕೆಯಲ್ಲಿ ಹುರುಳಿದೆ. ಆದರೆ ಗೊಂಬೆಯ ಮದುವೆಗೂ ಗೊಂಬೆಯಾಡುವವಳ ಮದುವೆಗೂ ನಡುವೆ ಎಷ್ಟು ಅಂತರವಿತ್ತು ಎಂಬುದನ್ನು ಕೇಳದೆ ಈ ಮಾತನ್ನು ಮುಗಿಸುವಂತಿಲ್ಲ. ಮೈಸೂರು ಸಂಸ್ಥಾನವು 1894ರಲ್ಲಿ ಶಿಶುವಿವಾಹ ತಡೆ ಕಾನೂನನ್ನು ತಂದಾಗ ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು ನಿಷೇಧಿಸಬೇಕಾಗಿ ಬಂದಿತ್ತು. ಎಂಟೆಂಬ ಆ ಸಂಖ್ಯೆಯೇ ಆಗಿನ ಹುಡುಗಿಯ ಆಟದ ವಯಸ್ಸು ಎಷ್ಟು ಮೊಟಕಾಗಿತ್ತೆಂಬುದನ್ನು ತಿಳಿಸುತ್ತದೆ. ಹಳೆಯ ಮೈಸೂರು ಸೀಮೆಯಲ್ಲಿ ಮದುವೆಯಾಗಿ ಹೋಗುವ ಮಗಳಿಗೆ ರಾಜ ರಾಣಿಯರ ಪಟ್ಟದ ಗೊಂಬೆಗಳನ್ನು ಕೊಟ್ಟು ಕಳಿಸುವ, ಅವಳು ಅವನ್ನು ನವರಾತ್ರಿಯಲ್ಲಿ ಕೂಡಿಸುವ ಪದ್ಧತಿಯನ್ನು ಈ ಬೆಳಕಿನಲ್ಲಿ ನೋಡಿದರೆ, ಅಲಂಕಾರದ ಹಿಂದೆ ಒಂದು ನೋವೂ ಕಾಣುತ್ತದೆ: ಗಂಡನ ಮನೆಗೆ ಹೋಗುವವಳು ಇನ್ನೂ ಗೊಂಬೆ ಬೇಕಾಗುವ ವಯಸ್ಸಿನವಳಾಗಿದ್ದಳು.

ಇನ್ನೂ ಬಡ ಮನೆಗಳಲ್ಲಿ ಹುಡುಗಿಗೆ ಗೊಂಬೆಯ ಬದಲು ಸೊಂಟದ ಮೇಲೆ ತಮ್ಮನೋ ತಂಗಿಯೋ ಇರುತ್ತಿದ್ದರು. ಬೀಸುವ ಕಲ್ಲಿನ ಮುಂದೆ ತಾಯಿ, ಕೂಸನ್ನು ಹೊತ್ತು ಓಣಿಯಲ್ಲಿ ಮಗಳು. ಕೂಸನ್ನು ಕೆಳಗಿಳಿಸದೆಯೇ ಆಡಬಹುದಾದ ಆಟಗಳು, ಇಲ್ಲವೆ ಅದು ಪಕ್ಕದಲ್ಲಿ ಮಲಗಿರುವಷ್ಟು ಹೊತ್ತಿನಲ್ಲಿ ಮುಗಿಯುವ ಆಟಗಳು ಅವಳ ಪಾಲಿಗೆ ಉಳಿದವು. ಐದು ಹರಳುಗಳನ್ನು ಮೇಲೆಸೆದು ಹಿಡಿಯುವ ಆಣೆಕಲ್ಲು, ಗುಳಿಗಳಲ್ಲಿ ಹುಣಸೆಬೀಜ ತುಂಬುವ ಅಳಗುಳಿ ಮಣೆ, ಬಚ್ಚಲ ಬದಿಯ ಕುಂಟಾಬಿಲ್ಲೆಗಳು ಹೆಣ್ಣುಮಕ್ಕಳ ಆಟಗಳಾದದ್ದಕ್ಕೂ, ಗೋಟಿ, ಬುಗುರಿ, ಚಿಣಿಫಣಿ, ಪತಂಗಗಳು ಗಂಡುಮಕ್ಕಳ ಆಟಗಳಾದದ್ದಕ್ಕೂ ಅವರವರ ಒಲವಿಗಿಂತ ಹೆಚ್ಚಾಗಿ ಇದೇ ಕಾರಣವಿದ್ದಿರಬೇಕು. ಮೊದಲನೆಯವಕ್ಕೆ ಮನೆಯಿಂದ ಕೂಗಿದರೆ ಕೇಳುವಷ್ಟು ದೂರ ಸಾಕು. ಎರಡನೆಯವಕ್ಕೆ ಬಯಲು ಬೇಕು, ಕೂಗಿದರೂ ಕೇಳದಷ್ಟು ದೂರ ಬೇಕು.

ಕೊಂಡು ತರುವ ಆಟಿಕೆಗಳ ಕಥೆ ಬೇರೆ. ಕರ್ನಾಟಕದಲ್ಲಿ ಆಟಿಕೆಯ ಕಸುಬಿಗೆ ಹೆಸರಾದ ಊರುಗಳಲ್ಲಿ ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಹಗುರವಾದ ಮರದಲ್ಲಿ ದೇವರುಗಳನ್ನೂ ಪ್ರಾಣಿಗಳನ್ನೂ ಕೆತ್ತಿ ಬಣ್ಣ ಹಚ್ಚಿದರೆ, ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆ ಮರವನ್ನು ಚರಕಿಗೆ ಹಚ್ಚಿ ತಿರುಗಿಸುತ್ತ ಅದರ ಮೇಲೆ ಅರಗಿನ ಬಣ್ಣವನ್ನು ಕಾವಿನಿಂದಲೇ ಕರಗಿಸಿ ಕೂಡಿಸುತ್ತಾರೆ. ಬೀದರಕ್ಕೆ ಇವೆರಡೂ ದೂರ. 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಈ ಜಿಲ್ಲೆಗೆ ಹೈದರಾಬಾದಿನ ಪೇಟೆಯೇ ಹತ್ತಿರ, ಮತ್ತು ಅದೇ ಸಂಸ್ಥಾನದ ನಿರ್ಮಲದಲ್ಲಿ ಬಣ್ಣದ ಮರದ ಗೊಂಬೆಗಳ ಕಸುಬು ಬೆಳೆದಿತ್ತು. ಬೀದರದ ಸ್ವಂತ ಕಸುಬಾದ ಬಿದರಿಯು ಸತು ಮತ್ತು ತಾಮ್ರದ ಎರಕದ ಮೇಲೆ ಬೆಳ್ಳಿ ಕೂಡಿಸುವ, ದೊಡ್ಡವರ ದಿವಾನಖಾನೆಗೆ ತಕ್ಕ ಕೆಲಸ. ಮಕ್ಕಳು ಅದರ ಹತ್ತಿರ ಬರುತ್ತಿದ್ದುದು ಆಡಲಿಕ್ಕಲ್ಲ, ಕುಶಲಿಗಳ ಮನೆಯಲ್ಲಿ ಕೆಲಸ ಕಲಿಯಲಿಕ್ಕೆ. ಇಲ್ಲಿ ಗಮನಿಸಬೇಕಾದದ್ದೆಂದರೆ, ಈ ಹಳೆಯ ಕಸುಬುಗಳ ಬಹುಪಾಲು ಸರಕು ಯಾವ ಮಗುವಿನದೆಂದು ಮೈಮೇಲೆ ಬರೆದುಕೊಂಡಿರಲಿಲ್ಲ. ಚರಕಿಯ ಮೇಲೆ ತಿರುಗಿದ ಗಿಲಕಿಯನ್ನು ತೊಟ್ಟಿಲ ಕೂಸು ಗಂಡೋ ಹೆಣ್ಣೋ ಎಂದು ಕೇಳಿ ಯಾರೂ ಕೊಳ್ಳುತ್ತಿರಲಿಲ್ಲ. ಕೆಂಪು, ಹಳದಿ, ಹಸಿರು ಬಣ್ಣಗಳು ಎಲ್ಲರವೂ ಆಗಿದ್ದವು. ಪುಟ್ಟ ಅಡುಗೆ ಸಾಮಾನಿನ ಪೆಟ್ಟಿಗೆಯೊಂದು ಮಾತ್ರ ಮೊದಲಿನಿಂದಲೂ ಹುಡುಗಿಯ ಹೆಸರಿನಲ್ಲಿಯೇ ಮಾರಾಟವಾಯಿತು.

ಬಣ್ಣದಿಂದಲೇ ಮಕ್ಕಳನ್ನು ವಿಂಗಡಿಸುವ ರೂಢಿ ಹೊರಗಿನಿಂದ ಬಂದದ್ದು, ಮತ್ತು ಹೊರಗಡೆಯೂ ಅದು ತೀರ ಇತ್ತೀಚಿನದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಗುಲಾಬಿ ಹುಡುಗರಿಗೆ, ನೀಲಿ ಹುಡುಗಿಯರಿಗೆ ಒಪ್ಪುತ್ತದೆಂದು ಬರೆದ ವ್ಯಾಪಾರಿ ಪತ್ರಿಕೆಗಳೂ ಇದ್ದವು. ಆ ದೇಶದ ಸಿಯರ್ಸ್ ಎಂಬ ದೊಡ್ಡ ಅಂಗಡಿಯ ಕ್ಯಾಟಲಾಗುಗಳನ್ನು ಪರಿಶೀಲಿಸಿದ ಸಮಾಜಶಾಸ್ತ್ರಜ್ಞೆ ಎಲಿಜಬೆತ್ ಸ್ವೀಟ್, 1975ರ ಹೊತ್ತಿಗೆ ಸುಮಾರು ಶೇಕಡಾ 70ರಷ್ಟು ಆಟಿಕೆಗಳಿಗೆ ಗಂಡು ಅಥವಾ ಹೆಣ್ಣು ಎಂಬ ಯಾವ ಗುರುತೂ ಇರಲಿಲ್ಲವೆಂದೂ, ಆ ಮೇಲಿನ ದಶಕಗಳಲ್ಲಿ ಗುರುತು ಮತ್ತೆ ಗಾಢವಾಯಿತೆಂದೂ ತೋರಿಸಿದ್ದಾರೆ. ಒಂದೇ ಮನೆಯಲ್ಲಿ ಅಣ್ಣನ ಸೈಕಲ್ಲು ತಂಗಿಗೆ ಸಾಲದೆ ಎರಡು ಬಣ್ಣದ ಎರಡು ಸೈಕಲ್ಲುಗಳು ಬೇಕಾದರೆ ಮಾರುವವನಿಗೆ ಲಾಭ ಎಂಬುದು ಇದರ ಸರಳ ಲೆಕ್ಕ. ಆ ಲೆಕ್ಕವು ಪ್ಲಾಸ್ಟಿಕ್ಕಿನ ಅಚ್ಚುಗಳ ಜೊತೆಗೆ ಹಳ್ಳಿಯ ಜಾತ್ರೆಯವರೆಗೂ ಬಂದು ತಲುಪಿತು.

ಇಷ್ಟಾದ ಮೇಲೆ ಮಗುವಿನ ಸ್ವಂತ ಒಲವಿನ ಪ್ರಶ್ನೆಗೆ ಬರಬಹುದು. ಒಲವಿನಲ್ಲಿ ಸರಾಸರಿ ಭೇದವೇ ಇಲ್ಲವೆಂದು ಹೇಳುವುದು ಸಂಶೋಧನೆಗೆ ಒಪ್ಪುವ ಮಾತಲ್ಲ. ಹಲವು ಅಧ್ಯಯನಗಳ ಅಂಕಿಗಳನ್ನು ಒಟ್ಟುಗೂಡಿಸಿ ನೋಡುವ ಸಮಗ್ರ ವಿಶ್ಲೇಷಣೆ ಎಂಬ ವಿಧಾನವಿದೆ; ಬ್ರೆಂಡಾ ಟಾಡ್ ಮತ್ತು ಸಂಗಡಿಗರು 2018ರಲ್ಲಿ ಹಾಗೆ 16 ಅಧ್ಯಯನಗಳನ್ನು ಕೂಡಿಸಿ, ಒಂದರಿಂದ ಎಂಟು ವರ್ಷದ 787 ಹುಡುಗರ ಮತ್ತು 813 ಹುಡುಗಿಯರ ಆಟವನ್ನು ಪರಿಶೀಲಿಸಿದಾಗ, ಹುಡುಗರು ಗಂಡುಮಕ್ಕಳದೆನಿಸಿದ ಆಟಿಕೆಗಳೊಡನೆಯೂ ಹುಡುಗಿಯರು ಹೆಣ್ಣುಮಕ್ಕಳದೆನಿಸಿದವುಗಳೊಡನೆಯೂ ಹೆಚ್ಚು ಹೊತ್ತು ಆಡಿದ್ದು ಕಂಡುಬಂದಿತು; ಜೊತೆಗೆ, ಹಳೆಯ ಅಧ್ಯಯನಗಳಿಗಿಂತ ಈಚಿನವುಗಳಲ್ಲಿ ಈ ಒಲವು ಸಡಿಲವಾಗಿರುವುದೂ ಕಂಡುಬಂದಿತು. ತಾಯಿಯ ಗರ್ಭದಲ್ಲಿರುವಾಗಲೇ ಆಂಡ್ರೋಜೆನ್ ಎಂಬ ಹಾರ್ಮೋನಿನ ಪ್ರಭಾವಕ್ಕೆ ಹೆಚ್ಚಾಗಿ ಒಳಗಾದ ಹುಡುಗಿಯರು ಬಂಡಿ, ಕಟ್ಟುವ ಸಾಮಾನುಗಳ ಕಡೆಗೆ ಉಳಿದ ಹುಡುಗಿಯರಿಗಿಂತ ಹೆಚ್ಚು ಒಲಿಯುವುದನ್ನು 1992ರಲ್ಲಿ ಶೆರಿ ಬೆರೆನ್‌ಬಾಮ್ ಮತ್ತು ಮೆಲಿಸ್ಸಾ ಹೈನ್ಸ್ ವರದಿ ಮಾಡಿದರು. ಹೀಗೆ ಮೈಯ ಪಾತ್ರವೂ ಒಂದಿಷ್ಟು ಇದೆ, ಅದನ್ನು ಒಪ್ಪಿಕೊಳ್ಳಲು ಹಿಂಜರಿಯಬೇಕಾಗಿಲ್ಲ.

ಹಿರಿಯರ ಪಾತ್ರವೂ ಅಷ್ಟೇ ಸ್ಪಷ್ಟ. 1975ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗದಲ್ಲಿ ಹಳದಿ ಬಟ್ಟೆ ತೊಡಿಸಿದ ಒಂದೇ ಕೂಸನ್ನು ಕೆಲವರಿಗೆ ಹುಡುಗಿಯೆಂದೂ ಕೆಲವರಿಗೆ ಹುಡುಗನೆಂದೂ ಪರಿಚಯಿಸಿ, ಕೆಲವರಿಗೆ ಏನೂ ಹೇಳದೆ ಬಿಟ್ಟಾಗ, ಹುಡುಗಿಯೆಂದು ನಂಬಿದವರು ಹೆಚ್ಚಾಗಿ ಅದರ ಕೈಗೆ ಗೊಂಬೆ ಕೊಟ್ಟರು. ಏನೂ ಹೇಳಿಸಿಕೊಳ್ಳದವರಲ್ಲಿ ಬಹಳ ಮಂದಿ ಕೂಸಿನ ಮೈಬಲವನ್ನೋ ಮೃದುತನವನ್ನೋ ಕಾರಣವಾಗಿ ಹೇಳಿ ಅದು ಗಂಡು ಇಲ್ಲವೆ ಹೆಣ್ಣು ಎಂದು ತಾವೇ ಊಹಿಸಿದರು. ಕೂಸು ಇನ್ನೂ ಮಾತೇ ಬಾರದ್ದು. ಅದರ ಒಲವನ್ನು ಹಿರಿಯರು ಆಗಲೇ ಓದಿ ಮುಗಿಸಿದ್ದರು.

ಎಲ್ಲಕ್ಕಿಂತ ಹೆಚ್ಚು ಚರ್ಚೆಗೆ ಒಳಗಾದದ್ದು ಗೆರಿಯಾನ್ ಅಲೆಕ್ಸಾಂಡರ್ ಮತ್ತು ಹೈನ್ಸ್ 2002ರಲ್ಲಿ ವರ್ವೆಟ್ ಎಂಬ ಆಫ್ರಿಕದ ಕೋತಿಗಳ ಮುಂದೆ ಆಟಿಕೆಗಳನ್ನಿಟ್ಟು ನಡೆಸಿದ ಪ್ರಯೋಗ. ಗಂಡುಕೋತಿಗಳು ಚೆಂಡು ಮತ್ತು ಕಾರಿನೊಡನೆ, ಹೆಣ್ಣುಕೋತಿಗಳು ಗೊಂಬೆ ಮತ್ತು ಅಡುಗೆಯ ಬಾಣಲೆಯೊಡನೆ ಹೆಚ್ಚು ಹೊತ್ತು ಕಳೆದವು. ಕೋತಿಗೆ ಅಡುಗೆಯಿಲ್ಲ, ಬಾಣಲೆಯ ಉಪಯೋಗ ತಿಳಿದಿಲ್ಲ; ಆದ್ದರಿಂದ ಹೆಣ್ಣುಕೋತಿಯನ್ನು ಸೆಳೆದದ್ದು ಅದರ ಬಣ್ಣವೋ ಆಕಾರವೋ ಇರಬೇಕೆ ಹೊರತು ಅಡುಗೆಮನೆಯಲ್ಲ. ಇನ್ನು ಆ ಪ್ರಯೋಗದಲ್ಲಿ ಚೆಂಡನ್ನು ಗಂಡಿನ ಆಟಿಕೆಯೆಂದು ಮೊದಲೇ ಬರೆದುಕೊಂಡಿದ್ದರು. ಕುಮಾರಸಂಭವವನ್ನು ಓದಿದವರು ಅದೇ ಪಟ್ಟಿಯನ್ನು ಮಾಡಿದ್ದರೆ ಚೆಂಡನ್ನು ಗೊಂಬೆಯ ಪಕ್ಕದಲ್ಲಿಯೇ ಇಡುತ್ತಿದ್ದರು. ಒಲವು ಎಷ್ಟರಮಟ್ಟಿಗೆ ಹುಟ್ಟಿನಿಂದ ಬಂದಿದೆ ಎಂದು ಪ್ರಯೋಗ ಹೇಳಬಲ್ಲುದು. ಯಾವ ವಸ್ತು ಗಂಡಿನದು, ಯಾವುದು ಹೆಣ್ಣಿನದು ಎಂಬ ಪಟ್ಟಿ ಮಾತ್ರ ಪ್ರಯೋಗಶಾಲೆಗೆ ಹೊರಗಿನಿಂದ, ಆಯಾ ಕಾಲದ ಸಮಾಜದಿಂದ ಬರುತ್ತದೆ.

ಬೀದರ ಸೀಮೆಯ ವರ್ಷದ ಸುತ್ತಿನಲ್ಲಿ ಈ ಪಟ್ಟಿ ಕೆಲಹೊತ್ತು ಮಡಿಚಿಡುವ ದಿನಗಳೂ ಇವೆ. ನಾಗರಪಂಚಮಿಯ ಜೋಕಾಲಿಯನ್ನು ಹೆಣ್ಣುಮಕ್ಕಳ ಹೆಸರಿನಲ್ಲಿ ಕಟ್ಟಿದರೂ ಅದರ ಮೇಲೆ ಏರದ ಹುಡುಗನಿಲ್ಲ. ಎಳ್ಳಮಾವಾಸ್ಯೆಯಂದು ಬೀದರ, ಭಾಲ್ಕಿ, ಔರಾದಗಳ ಮನೆಗಳೆಲ್ಲ ಬರಿದಾಗಿ ಹೊಲಗಳು ತುಂಬುತ್ತವೆ. ಹೊಲದ ನಡುವೆ ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಕಾಳು ಕಾಯಿಪಲ್ಯಗಳ ಭಜ್ಜಿ, ರೊಟ್ಟಿ, ಅಂಬಲಿಯ ಊಟವಾದ ಮೇಲೆ ದೊಡ್ಡವರು ಮರದ ನೆರಳಿನಲ್ಲಿ ಒರಗಿದರೆ ಮಕ್ಕಳು ಪತಂಗ ಹಾರಿಸುತ್ತಾರೆ, ಕೊಂಬೆಗೆ ಹಗ್ಗ ಕಟ್ಟಿ ಜೀಕುತ್ತಾರೆ. ಮನೆಯೂ ಓಣಿಯೂ ಇಲ್ಲದ ಆ ಬಯಲಿನಲ್ಲಿ ಹುಡುಗಿ ಕೂಗಿಗೆ ಸಿಗುವಷ್ಟು ಹತ್ತಿರವಿರಬೇಕೆಂಬ ಕಟ್ಟಳೆ ಸಡಿಲುತ್ತದೆ, ದಾರದ ಉಂಡೆ ಅವಳ ಕೈಗೂ ಬರುತ್ತದೆ.

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಗಿ, ಮುಂದೆ ಹಳ್ಳಿಗಳಲ್ಲಿ ಅಂಗನವಾಡಿಗಳು ತೆರೆದಾಗ, ಆರು ವರ್ಷದೊಳಗಿನ ಹುಡುಗ ಹುಡುಗಿಯರು ಒಂದೇ ಚಾಪೆಯ ಮೇಲೆ, ಒಂದೇ ಪೆಟ್ಟಿಗೆಯ ಆಟಿಕೆಗಳೊಡನೆ ಕೂಡುವುದು ಈ ನಾಡಿನ ಬಹುಪಾಲು ಬಡಮಕ್ಕಳಿಗೆ ಮೊದಲ ಬಾರಿಗೆ ಸಾಧ್ಯವಾಯಿತು. ತಮ್ಮನನ್ನು ಹೊತ್ತು ನಿಲ್ಲುತ್ತಿದ್ದ ಅಕ್ಕನ ಸೊಂಟ ಆ ಕೆಲವು ಗಂಟೆ ಬರಿದಾದದ್ದು ಆಟಿಕೆಯ ಇತಿಹಾಸದಲ್ಲಿ ಯಾವ ಹೊಸ ಗೊಂಬೆಗಿಂತಲೂ ದೊಡ್ಡ ಘಟನೆ. ಈ ನಡುವೆ ಹೊಲಗಳಲ್ಲಿ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದು, ಎಷ್ಟೋ ಮನೆಗಳಲ್ಲಿ ಮಣ್ಣೆತ್ತಿನ ಜೋಡಿಗೆ ಎದುರಾಗಿ ಕೊಟ್ಟಿಗೆಯಲ್ಲಿ ನಿಜವಾದ ಎತ್ತಿಲ್ಲ. ಅದನ್ನು ತಿದ್ದುವ ಹುಡುಗನಿಗಿಂತ ಪೇಟೆಯಿಂದ ಕೊಂಡು ತರುವ ತಂದೆಯೇ ಹೆಚ್ಚಾಗಿದ್ದಾನೆ. ಜ್ಯೇಷ್ಠದ ಅಮಾವಾಸ್ಯೆಗೆ ಕುಂಬಾರರು ಬುಟ್ಟಿಯಲ್ಲಿ ಸಾಲಾಗಿ ಇಟ್ಟುಕೊಂಡು ಬರುವ ಆ ಹಸಿಮಣ್ಣಿನ ಎತ್ತುಗಳಿಗೆ ಬಣ್ಣವಿಲ್ಲ, ಯಾರದೆಂಬ ಗುರುತಿಲ್ಲ. ಹಿಣಿಲಿನ ಮೇಲೆ ಮಾಡಿದವರ ಹೆಬ್ಬೆರಳು ಮತ್ತು ತೋರುಬೆರಳು ಚಿವುಟಿದ ಅಚ್ಚು ಮಾತ್ರ ಇರುತ್ತದೆ, ಆಷಾಢದ ಮಳೆಗೆ ಅದೂ ಕರಗುತ್ತದೆ.